ಮೊದಲು ಹೇಳಬೇಕಾದ ಮಾತು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರೇ, ವೇದಿಕೆಯ ಮೇಲೆ ಕುರ್ಚಿ ಸಾಲದೆ ಮೊದಲ ಸಾಲಿಗೆ ಇಳಿದಿರುವ ಅಧಿಕಾರಿಗಳೇ, ಎರಡನೆಯ ಸಾಲಿನಿಂದ ಬಾಗಿಲವರೆಗೆ ಕುಳಿತಿರುವ, ನಿಜಕ್ಕೂ ಈ ಸಭೆ ಯಾರದೋ ಆ ಸಭಿಕರೇ,

ಏನೂ ಆಗಿಲ್ಲ.

ನೀವು ನಗುತ್ತೀರೆಂದು ಗೊತ್ತಿತ್ತು. ಡಾಕ್ಟರು ಮಾತ್ರ ನಗಲಿಲ್ಲ, ಅವರು ನಮ್ಮ ಸೈನಿಕ ವಸತಿಗೆ ಹೊಸಬರು. ಭಾಷಣಕ್ಕೆ ನಿಂತವನು ಬಾಯಿ ತೆರೆದ ಕೂಡಲೇ ಏನೂ ಆಗಿಲ್ಲ ಎಂದರೆ, ಇವನಿಗೆ ಏನೋ ಆಗಿದೆ ಎಂದು ವೈದ್ಯರಿಗೆ ಅನ್ನಿಸುವುದು ಸಹಜ. ಅವರಿಗೋಸ್ಕರವಾದರೂ ಈ ಮಾತಿನ ಕಥೆಯನ್ನು ಹೇಳಬೇಕು.

ಅದಕ್ಕೂ ಮುಂಚೆ ಇನ್ನೊಂದು ವಿಷಯವಿದೆ. ಕುಟುಂಬ ನೆರವು ಕಚೇರಿಯಿಂದ ಇಂದು ನಿವೃತ್ತನಾಗಬೇಕಾದ ನಾನು ಇನ್ನೂ ಎರಡು ವರ್ಷ ಮುಂದುವರಿಯಬೇಕೆಂದು ಅಧ್ಯಕ್ಷರು, ಹೋದ ವಾರ ನನ್ನೊಬ್ಬನ ಬಳಿ ಆಡಿದ ಮಾತನ್ನೇ, ಈಗಷ್ಟೇ ಎಲ್ಲರೆದುರು ಅಪ್ಪಣೆಯಂಥದೊಂದು ವಿನಂತಿಯಾಗಿ ಮಾಡಿದರು. ಮೇಲಿನಿಂದ ಮಂಜೂರಾತಿಯೂ ಬಂದಿದೆಯಂತೆ. ಉತ್ತರವನ್ನು ಇದೇ ಮೈಕಿನಲ್ಲಿ ಹೇಳಬೇಕಂತೆ. ನೀವಂತೂ ಉತ್ತರಕ್ಕೆ ಮೊದಲೇ ಚಪ್ಪಾಳೆ ತಟ್ಟಿ ಮುಗಿಸಿದಿರಿ. ಹೇಳುತ್ತೇನೆ. ಆದರೆ ಮೂವತ್ತೊಂದು ವರ್ಷ ಎಲ್ಲವನ್ನೂ ಜನರ ಪಕ್ಕದಲ್ಲಿ ಕೂತು, ಸುತ್ತು ಬಳಸಿ ಹೇಳಿದವನು ನಾನು. ನಿಂತುಕೊಂಡು ಒಂದೇ ಏಟಿಗೆ ಹೇಳಲು ಬರುವುದಿಲ್ಲ. ನಡುನಡುವೆ ಹಿಂದಿನ ಬಾಗಿಲ ಕಡೆ ನೋಡಿದರೆ ತಪ್ಪು ತಿಳಿಯಬೇಡಿ. ಗಡಿಯಾರವನ್ನು ಅದರ ಮೇಲೆಯೇ ಹಾಕಿದ್ದಾರೆ.

ನಮ್ಮ ಕಚೇರಿ ಏನು ಮಾಡುತ್ತದೆ? ಮನೆಯಿಂದ ಒಬ್ಬರು ದೂರದ ಠಾಣೆಗೆ ಹೋದಾಗ ಉಳಿದವರ ಸಂಸಾರ ನಿಲ್ಲದಂತೆ ನೋಡಿಕೊಳ್ಳುತ್ತದೆ. ಮಕ್ಕಳಿಗೆ ಶಾಲೆ, ಹೆರಿಗೆಗೆ ಗಾಡಿ, ಕೆಟ್ಟ ನಲ್ಲಿಗೆ ರಿಪೇರಿಯವನು, ಕೆಟ್ಟ ಮನಸ್ಸಿಗೆ ಮಾತಾಡಲು ಒಬ್ಬರು. ಹೊರಡುವವರಿಗೂ ಅವರ ಮನೆಯವರಿಗೂ ಪ್ರತಿ ಗುರುವಾರ ಒಂದು ತರಗತಿ. ಬೀರುವಿನ ಕೀಲಿ ಎಲ್ಲಿದೆ ಎಂದು ಗಂಡ ಹೆಂಡತಿಗೆ ಹೇಳಬೇಕು, ಕೀಲಿ ಅಲ್ಲಿರುವುದಿಲ್ಲ, ಗಂಡ ಇಷ್ಟು ವರ್ಷ ಈ ಮನೆಯಲ್ಲೇ ಇದ್ದನೇ ಎಂದು ಹೆಂಡತಿ ಕೇಳಬೇಕು. ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ ಸಂಶೋಧನೆ ಒಂದೇ: ಯೋಧ ಹೊಸ್ತಿಲು ದಾಟಿದ ಎರಡು ದಿನದೊಳಗೆ ಆ ಮನೆಯಲ್ಲಿ ಒಂದು ಯಂತ್ರ ಕೆಡುತ್ತದೆ. ಯಾಕೆ ಎಂದು ಕೇಳಬೇಡಿ. ಯಂತ್ರಗಳಿಗೂ ಗೊತ್ತಾಗುತ್ತದೆ.

ಇನ್ನು ಆ ಮಾತಿನ ಕಥೆ. ಇಪ್ಪತ್ತೆರಡು ವರ್ಷದ ಹಿಂದೆ ಕಚೇರಿಗೆ ಆರು ಹೊಲಿಗೆ ಯಂತ್ರಗಳು ಬಂದವು. ಮೊದಲ ಅರ್ಜಿ ಯಾರದೆಂದರೆ, ಅಗೋ, ಕಂಬದ ಪಕ್ಕ ಕುಳಿತು ಇದನ್ನು ಹೇಳಬೇಡಿ ಎಂದು ಕಣ್ಣಲ್ಲೇ ಗದರಿಸುತ್ತಿರುವ ನಮ್ಮ ಹೊಲಿಗೆ ಟೀಚರದು. ಆಗ ಅವರಿನ್ನೂ ಟೀಚರಾಗಿರಲಿಲ್ಲ. ಇಪ್ಪತ್ತಾರು ವಯಸ್ಸು. ಗಂಡ ಹೋಗಿ ನಾಲ್ಕು ತಿಂಗಳಾಗಿತ್ತು, ಕೊನೆಯ ಪತ್ರ ಬಂದು ಆರು ವಾರ. ನಾನು ಅವರ ಮನೆಗೆ ಫೋನ್ ಮಾಡಿದೆ. ಸೌಜನ್ಯವೆಂದರೆ ಸಾವಕಾಶ ಎಂದು ನನಗೆ ಯಾರೋ ಕಲಿಸಿದ್ದರು. ಆದ್ದರಿಂದ ಮೊದಲು ಕುಟುಂಬ ನೆರವು ಕಚೇರಿ ಎಂದೆ. ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದೆ, ಯಂತ್ರ ಎತ್ತಲು ಒಂದು ಕೈ ಬೇಕಲ್ಲ. ಆಮೇಲೆ, ಒಂದು ವಿಷಯ ಹೇಳಬೇಕಿತ್ತು, ಸ್ವಲ್ಪ ಕೂತುಕೊಳ್ಳಿ ಎಂದೆ.

ಹತ್ತು ನಿಮಿಷದಲ್ಲಿ ಅವರು ಕಚೇರಿಯ ಬಾಗಿಲಲ್ಲಿದ್ದರು. ಕಾಲಲ್ಲಿ ಒಂದೇ ಚಪ್ಪಲಿ, ಮೊಣಕೈವರೆಗೆ ಹಿಟ್ಟು.

"ಎಲ್ಲಿ?" ಅಂದರು.

"ವರಾಂಡದಲ್ಲಿ ಇಡಿಸಿದ್ದೇನೆ," ಅಂದೆ. ಹೆಮ್ಮೆಯಿಂದ ಅಂದೆ.

ಅವರು ಗೋಡೆ ಹಿಡಿದುಕೊಂಡು ವರಾಂಡಕ್ಕೆ ಹೋದರು. ಅಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಹೊಲಿಗೆ ಯಂತ್ರವಿತ್ತು. ಅದರ ಪಕ್ಕ ನೆಲದ ಮೇಲೆ ಕುಸಿದು ಕುಳಿತು ನಗತೊಡಗಿದರು. ಯಂತ್ರ ಸಿಕ್ಕ ಸಂತೋಷವೆಂದುಕೊಂಡು ನಾನೂ ಜೊತೆಗೆ ನಕ್ಕೆ. ನನ್ನ ಜೀವಮಾನದಲ್ಲಿ ಅಷ್ಟು ದಡ್ಡ ನಗು ನಾನು ಇನ್ನೊಮ್ಮೆ ನಕ್ಕಿಲ್ಲ. ಆಮೇಲೆ ಅವರು ಎದ್ದು ಒಳಗೆ ಬಂದು, ಹಿಟ್ಟಿನ ಕೈಯನ್ನು ನನ್ನ ಮೇಜಿನ ಹಸಿರು ಬಟ್ಟೆಗೆ ಒರೆಸಿದರು.

"ನೋಡಿ ಸಾರ್, ಇನ್ಮೇಲೆ ಯಾರ ಮನೆಗೆ ಫೋನ್ ಮಾಡಿದ್ರೂ ಮೊದ್ಲು ಏನೂ ಆಗಿಲ್ಲ ಅನ್ನಿ. ಆಮೇಲೆ ನಿಮ್ಮ ಹೆಸರು, ನಿಮ್ಮ ಕಚೇರಿ, ನಿಮ್ಮ ಮೆಷಿನ್ನು, ಎಲ್ಲ ನಿಧಾನಕ್ಕೆ ಹೇಳ್ಕೊಳ್ಳಿ. ಕೂತ್ಕೊಂಡೇ ಕೇಳ್ತೀವಿ."

ಅಂದು ಸಂಜೆಯೇ ಒಂದು ಚೀಟಿ ಬರೆದು ಫೋನಿಗೆ ಅಂಟಿಸಿದೆ: ಮೊದಲ ಮಾತು, ಏನೂ ಆಗಿಲ್ಲ. ನೋಡುನೋಡುತ್ತ ಅದು ಇಡೀ ವಸತಿಯ ಮಾತಾಯಿತು. ನಲ್ಲಿಯವನು ಬಾಗಿಲು ತಟ್ಟಿ ಏನೂ ಆಗಿಲ್ಲ, ಇನ್ನೂ ಮೂರು ದಿನ ನೀರು ಬರಲ್ಲ ಎನ್ನತೊಡಗಿದ. ಆಸ್ಪತ್ರೆಯ ದಾದಿ ಏನೂ ಆಗಿಲ್ಲ, ಅವಳಿ ಮಕ್ಕಳು ಎಂದಳು. ನನ್ನ ಪಕ್ಕದ ಮನೆಯ ಹುಡುಗಿ ಅಂಕಪಟ್ಟಿಯನ್ನು ಬೆನ್ನ ಹಿಂದೆ ಹಿಡಿದು ನಿಂತು, ಏನೂ ಆಗಿಲ್ಲ, ಗಣಿತದಲ್ಲಿ ಹನ್ನೊಂದು ಎಂದಳಂತೆ. ನೂರಕ್ಕೆ. ಪದ್ಧತಿಯೊಂದು ಬೇರೂರಿತು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಈ ಮಾತನ್ನು ಹೇಳಲಾಗದೆ ಹೋದದ್ದು ನಾಲ್ಕು ಸಲ. ಆಗ ನಾವು ಫೋನ್ ಮಾಡಲಿಲ್ಲ, ನಡೆದುಹೋದೆವು. ಆ ನಾಲ್ಕು ಮನೆಯವರೂ ಈ ಸಭೆಯಲ್ಲಿದ್ದಾರೆ, ಅವರ ಅನುಮತಿಯಿಲ್ಲದೆ ಆ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಹೇಳುವ ಅಧಿಕಾರ ನನಗಿಲ್ಲ. ಮೊದಲ ಮನೆಯಲ್ಲಿ ಆಕೆಯ ಪಕ್ಕ ಕೂರಲು ಯಾರನ್ನು ಕರೆಯಬೇಕೆಂದು ನಮಗೆ ತಿಳಿದಿರಲಿಲ್ಲ. ಆದ್ದರಿಂದ ನಾನೇ ಕೂತೆ. ಬೆಳಗಿನ ಹತ್ತರಿಂದ ಸಂಜೆ ಏಳರವರೆಗೆ ಆಕೆ ಒಂದೇ ಒಂದು ಮಾತಾಡಿದರು, ಫ್ಯಾನು ಜೋರಾಯಿತೇ ಎಂದು ಕೇಳಿದರು.

ಹೊರಡುವವರು ತುಂಬುವ ಫಾರಂಗೆ ನಾನು ಇನ್ನೊಂದು ಕಾಲಂ ಸೇರಿಸಿದ್ದು ಆ ನಂತರ. ಮೊದಲನೆಯದು ಎಲ್ಲೆಡೆ ಇರುವಂಥದೇ, ಸುದ್ದಿಯನ್ನು ಯಾರಿಗೆ ತಿಳಿಸಬೇಕು ಎಂದು. ನಾನು ಸೇರಿಸಿದ್ದು, ಆಗ ಅವರ ಪಕ್ಕದಲ್ಲಿ ಯಾರಿರಬೇಕು ಎಂದು. ಅದಕ್ಕೆ ನಿಯಮವನ್ನೂ ಮಾಡಿದೆ. ಒಂದೇ ಹೆಸರು. ಪೆನ್ನಿನಲ್ಲೇ ಬರೆಯಬೇಕು. ಊರಿನಲ್ಲಿದ್ದರೆ, ಬಿಡುವಾದರೆ ಎಂಬಂಥ ಬಾಲಂಗೋಚಿ ಇರಕೂಡದು. ಪಕ್ಕದಲ್ಲಿರುವವರು ಇರಬೇಕು, ಅಷ್ಟೆ. ನಿಯಮ ಮೀರಿದ ಫಾರಂ ಬಂದರೆ ಹಿಂದಕ್ಕೆ ಕಳಿಸತಕ್ಕದ್ದು.

ಆ ಮೊದಲ ಮನೆಯಲ್ಲಿ ಕೂತ ದಿನದ ಬಗ್ಗೆ ಇನ್ನೊಂದು ವಿವರವಿದೆ, ಭಾಷಣಕ್ಕೆ ಸಂಬಂಧವಿಲ್ಲದ್ದು. ಅಂದು ಸಂಜೆ ನನ್ನ ಮಗಳ ಶಾಲೆಯ ವಾರ್ಷಿಕೋತ್ಸವವಿತ್ತು. ಅವಳಿಗೆ ಏಳು ವರ್ಷ. ನಾಟಕದಲ್ಲಿ ಅವಳದು ಮರದ ಪಾತ್ರ. ಮಾತಿಲ್ಲ, ಅರ್ಧ ಗಂಟೆ ಕೈ ಎತ್ತಿಕೊಂಡು ನಿಲ್ಲಬೇಕು. ಒಂದು ವಾರ ಮನೆಯಲ್ಲಿ ಬೀರುವಿನ ಪಕ್ಕ ಹಾಗೆ ನಿಂತು ಅಭ್ಯಾಸ ಮಾಡಿದ್ದಳು. ನಾನು ಎಂಟಕ್ಕೆ ಮನೆಗೆ ಬಂದೆ. ಹೇಗಾಯಿತು ನಾಟಕ ಎಂದು ನನ್ನ ಹೆಂಡತಿಯನ್ನು ಕೇಳಿದೆ.

"ಚೆನ್ನಾಗಾಯ್ತು," ಅಂದಳು. "ಮರ ಮಾತ್ರ ಎರಡು ಸಲ ಬಾಗಿಲ ಕಡೆ ತಿರುಗಿ ನೋಡ್ತು."

ನಾನು ಎಲ್ಲಿದ್ದೆ ಎಂದು ಅವಳಿಗೆ ಗೊತ್ತಿತ್ತು. ಬೈಯುವ ಹಾಗೂ ಇರಲಿಲ್ಲ. ಒಳ್ಳೆಯ ಕೆಲಸ ಮಾಡುವ ಗಂಡನ ತೊಂದರೆಯೇ ಅದು, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವೂ ಸಿಗುವುದಿಲ್ಲ. ಅವಳು ಕಂಡುಕೊಂಡ ಉಪಾಯವೆಂದರೆ ಕೈಚೀಲ. ಎಲ್ಲಿಗೆ ಹೋದರೂ ಪಕ್ಕದ ಕುರ್ಚಿಯ ಮೇಲೆ ಕೈಚೀಲವಿಡುತ್ತಾಳೆ. ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದರೆ, ಬರ್ತಾರೆ ಎನ್ನುತ್ತಾಳೆ. ಮದುವೆಗಳಲ್ಲಿ, ಶಾಲೆಯಲ್ಲಿ, ಹಲ್ಲಿನ ಡಾಕ್ಟರ ಹತ್ತಿರ. ಆ ಕೈಚೀಲ ನನಗಿಂತ ಹೆಚ್ಚು ಸಮಾರಂಭಗಳನ್ನು ನೋಡಿದೆ. ಮೂರನೆಯ ಸಾಲಿನಲ್ಲಿ ಈಗಲೂ ಇದೆ, ನೋಡಿ. ಅಭ್ಯಾಸ.

ಎಲ್ಲಿದ್ದೆ? ಹೌದು, ಫಾರಂ.

ಆ ಮರ ಬೆಳೆದು, ನನ್ನನ್ನು ಒಂದು ಮಾತೂ ಕೇಳದೆ ಸೈನ್ಯ ಸೇರಿತು. ಗಾಡಿಗಳ ರಿಪೇರಿ ವಿಭಾಗ. ಬರುವ ಸೋಮವಾರ ಅವಳ ಮೊದಲ ದೂರದ ಠಾಣೆಗೆ ಹೊರಡುತ್ತಾಳೆ. ಎಲ್ಲರಂತೆ ಅವಳೂ ತರಬೇತಿ ಕೇಂದ್ರದಲ್ಲಿ ಫಾರಂ ತುಂಬಿದಳು, ಎಲ್ಲರದರಂತೆ ಅದೂ ನಮ್ಮ ಕಚೇರಿಗೆ ಬಂತು. ಕಳೆದ ಬುಧವಾರ ನಾನು ಹಲ್ಲು ಕೀಳಿಸಿಕೊಂಡು ರಜೆಯಲ್ಲಿದ್ದೆ. ಮಧ್ಯಾಹ್ನ ಫೋನ್ ಬಂತು. ಕಚೇರಿಯ ನಂಬರು. ಮೂವತ್ತೊಂದು ವರ್ಷದಿಂದ ಕಚೇರಿಯಿಂದ ನನಗೆ ಫೋನ್ ಬರುತ್ತಲೇ ಇದೆ. ಆದರೆ ಅದನ್ನು ಎತ್ತಿ ಕಿವಿಗಿಡುವಷ್ಟರಲ್ಲಿ, ಬುಧವಾರ ಲಾರಿ ಓಡಿಸುವ ಪರೀಕ್ಷೆ ಇದೆ ಎಂದು ಮಗಳು ಹೇಳಿದ್ದು ನೆನಪಾಯಿತು.

"ಏನೂ ಆಗಿಲ್ಲ ಸಾರ್," ಎಂದಿತು ಆ ಕಡೆಯ ದನಿ.

ನಮ್ಮ ಸಹಾಯಕಿ, ನೀವೆಲ್ಲ ಅವರ ಬೆನ್ನ ಹಿಂದೆ ರೂಲುದೊಣ್ಣೆ ಎನ್ನುವವರು. ನನಗೆ ಎಂದೂ ಹಾಗೆ ಹೇಳಿದವರಲ್ಲ, ನನ್ನೊಡನೆ ನೇರ ವಿಷಯಕ್ಕೆ ಬರುತ್ತಿದ್ದರು. ಅಂದು ಮಾತ್ರ ಹೇಳಿದರು, ಯಾಕೆಂದರೆ ಅಂದು ಅವರು ಫೋನ್ ಮಾಡಿದ್ದು ತಮ್ಮ ಮೇಲಧಿಕಾರಿಗಲ್ಲ, ಒಂದು ಕುಟುಂಬಕ್ಕೆ. ನಾನು ಸಾವಿರಾರು ಸಲ ಹೇಳಿದ ಮಾತನ್ನು ಮೊದಲ ಬಾರಿ ಮನೆಯವನಾಗಿ ಕೇಳಿಸಿಕೊಂಡೆ. ಒಳ್ಳೆಯ ಮಾತೇ. ಆದರೂ ಅದನ್ನು ಕೇಳಿದ ಮೇಲೆ ಕುರ್ಚಿ ಹುಡುಕಿ ಕೂತೆ. ಮದ್ದು ಕೊಟ್ಟಿದ್ದು ಒಸಡಿಗೆ ಮಾತ್ರ ನೋಡಿ.

ಮಗಳ ಫಾರಂ ಬಂದಿದೆ ಎಂದರು. ಮೊದಲ ಕಾಲಂನಲ್ಲಿ ಅಮ್ಮ ಎಂದಿದೆಯಂತೆ. ಸರಿ ಎಂದೆ. ಎರಡನೆಯದರಲ್ಲಿ ಒಂದು ತೊಂದರೆಯಿದೆ ಎಂದರು.

"ಏನು ಬರೆದಿದ್ದಾಳೆ?"

"ಪೆನ್ಸಿಲ್‌ನಲ್ಲಿದೆ ಸಾರ್. ಅಪ್ಪ, ಆ ಹೊತ್ತಿಗೆ ಮನೆಯಲ್ಲಿದ್ದರೆ, ಅಂತ."

ಅವರೇ ಮುಂದುವರಿಸಿದರು.

"ರೂಲ್ ಪ್ರಕಾರ ವಾಪಸ್ ಕಳಿಸ್ಬೇಕು ಸಾರ್. ನೀವೇ ಮಾಡಿದ ರೂಲು."

ಸಭಿಕರೇ, ಆ ಹುಡುಗಿ ಬರೆದದ್ದರಲ್ಲಿ ತಪ್ಪೇನಿತ್ತು? ಅವಳು ಮೆಕ್ಯಾನಿಕ್. ನಂಬಬಹುದಾದ ಬೋಲ್ಟು ಯಾವುದು, ಇದ್ದರೂ ಇರಬಹುದು ಎನ್ನುವ ಬೋಲ್ಟು ಯಾವುದು ಎಂದು ಅವಳಿಗೆ ಗೊತ್ತು. ಅದರಲ್ಲಿ ದೂರಿರಲಿಲ್ಲ, ತಮಾಷೆಯೂ ಇರಲಿಲ್ಲ. ಕಂಡದ್ದನ್ನು ಬರೆದಿದ್ದಳು. ಪೆನ್ಸಿಲಿನಲ್ಲಿ ಬರೆದದ್ದು ಮಾತ್ರ ಅವಳ ದೊಡ್ಡತನ. ಪೆನ್ಸಿಲ್ ಎಂದರೆ ಅಳಿಸಬಹುದು ಎಂದು ತಾನೇ?

ಎರಡು ದಿನ ಯೋಚಿಸಿ ಅವಳಿಗೆ ಫೋನ್ ಮಾಡಿದೆ. ಏನೂ ಆಗಿಲ್ಲ ಎಂದೆ.

"ನೀವಾಗೇ ಫೋನ್ ಮಾಡಿದೀರಿ ಅಂದ್ರೆ ಏನೋ ಆಗಿದೆ ಅಪ್ಪಾ," ಅಂದಳು.

ಅದನ್ನು ಪೆನ್ನಿನಲ್ಲಿ ಬರೆಯಬಹುದೇ ಎಂದು ಕೇಳಿದೆ. ಬಾಲಂಗೋಚಿ ಇಲ್ಲದೆ. ಅವಳ ಹಿಂದೆ ಯಾರೋ ಇಂಜಿನ್ ಚಾಲೂ ಮಾಡಿ ನಿಲ್ಲಿಸಿದ ಸದ್ದು ಕೇಳಿಸಿತು.

"ಎರಡು ವರ್ಷ ಮುಂದುವರೀತೀರಂತೆ? ಅಮ್ಮ ಹೇಳಿದ್ಲು."

"ಶನಿವಾರ ಸಭೆಯಲ್ಲಿ ಹೇಳಬೇಕು."

"ಹಾಗಾದ್ರೆ ಅಲ್ಲಿಗೇ ಬರ್ತೀನಿ. ನೀವು ಏನು ಹೇಳ್ತೀರೋ ಕೇಳ್ಕೊಂಡು ಬರೀತೀನಿ," ಅಂದಳು. ಮಧ್ಯಾಹ್ನ ರಜೆ ಸಿಗುತ್ತದೆ, ನಾಲ್ಕೂವರೆಗೆ ತಲುಪುತ್ತೇನೆ ಎಂದಳು. ಈಗ ಐದಾಗಿ ಹತ್ತು ನಿಮಿಷ. ನಾನು ಎಷ್ಟು ಸಲ ಬಾಗಿಲ ಕಡೆ ನೋಡಿದೆನೆಂದು ಮೊದಲ ಸಾಲಿನವರು ಎಣಿಸಿರಬಹುದು. ಎರಡಕ್ಕಿಂತ ಹೆಚ್ಚೇ ಆಗಿದೆ. ಗಡಿಯಾರದ ನೆಪ ಎಷ್ಟು ಹೊತ್ತು ನಡೆದೀತು?

ಅಧ್ಯಕ್ಷರೇ, ಅವಳು ಬರಲಿ, ಬಿಡಲಿ, ನನ್ನ ಉತ್ತರ ಇದು. ತಾವು ಕೊಟ್ಟ ಎರಡು ವರ್ಷಗಳಿಗೆ ನಾನು ಋಣಿ. ಅವನ್ನು ನಾನು ತೆಗೆದುಕೊಳ್ಳುವುದಿಲ್ಲ. ನಾನಿಲ್ಲದಿದ್ದರೆ ಕಚೇರಿ ನಡೆಯುವುದೇ ಎಂದು ತಾವು ಕೇಳಿದಿರಿ. ಬುಧವಾರ ನನಗೆ ಬಂದ ಫೋನೇ ಅದಕ್ಕೆ ಉತ್ತರ. ಮೇಲಧಿಕಾರಿಯ ಮಗಳ ಫಾರಂ ಎಂದು ಸುಮ್ಮನೆ ಒಳಗೆ ಸೇರಿಸದೆ, ನಿಯಮದ ಪ್ರಕಾರ ವಾಪಸ್ಸು ಕಳಿಸುತ್ತೇನೆ ಎಂದವರು, ಹಾಗೆನ್ನುವ ಮೊದಲು ಏನೂ ಆಗಿಲ್ಲ ಎನ್ನಲು ಮರೆಯದವರು, ನನ್ನ ಕುರ್ಚಿಯಲ್ಲಿ ನನಗಿಂತ ಚೆನ್ನಾಗಿ ಕೂರುತ್ತಾರೆ. ಅವರನ್ನು ರೂಲುದೊಣ್ಣೆ ಎನ್ನುವುದನ್ನು ನಿಲ್ಲಿಸಿ ಎಂದು ಹೇಳುವುದಿಲ್ಲ. ಅವರಿಗೆ ಆ ಹೆಸರು ಗೊತ್ತು, ಸ್ವಲ್ಪ ಇಷ್ಟವೂ ಹೌದು.

ನೀವು ಯಾಕೆ ಎಲ್ಲರೂ ಹಿಂದಕ್ಕೆ ತಿರುಗಿದಿರಿ?

ಓ.

ಬಾ. ಬಸ್ಸು ತಡವಾಯಿತೇನೋ. ಅಲ್ಲೇ ನಿಂತಿರು, ಕುರ್ಚಿ ಹುಡುಕಬೇಡ, ನಿನಗೆ ನಿಲ್ಲುವ ಅಭ್ಯಾಸವಿದೆ. ಎಷ್ಟು ಹೊತ್ತಿನಿಂದ ನಿಂತಿದ್ದೀಯೋ ಗೊತ್ತಿಲ್ಲ. ನನ್ನ ಉತ್ತರ ಕೇಳಿಸಿತೇ? ಕೇಳಿಸಿತಂತೆ, ತಲೆಯಾಡಿಸುತ್ತಿದ್ದಾಳೆ. ಫಾರಂ ನಮ್ಮ ಸಹಾಯಕಿಯ ಫೈಲಿನಲ್ಲಿದೆ, ಅವರು ಅದನ್ನು ಇಲ್ಲಿಗೆ ತಂದಿರುತ್ತಾರೆ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಪೆನ್ನು ಇದೆಯೇ? ಸಭಿಕರೇ, ಹಿಂದಿನ ಸಾಲಿನವರಿಗೆ ಕಾಣುತ್ತಿದೆ, ಮುಂದಿನವರಿಗೆ ನಾನು ಹೇಳುತ್ತೇನೆ: ಅವಳು ಕೈ ಎತ್ತಿ ನಿಂತಿದ್ದಾಳೆ, ಕೈಯಲ್ಲಿ ಪೆನ್ನಿದೆ.

ಇಷ್ಟು ವರ್ಷ ನನ್ನನ್ನು ನಿಮ್ಮ ಮನೆಗಳಲ್ಲಿ ಕೂರಿಸಿಕೊಂಡಿರಿ, ನಿಮಗೆ ವಂದನೆ. ಒಂದು ಚಪ್ಪಲಿಯಲ್ಲಿ ಓಡಿಬಂದು ನನಗೆ ಕೆಲಸ ಕಲಿಸಿದ ಟೀಚರಿಗೆ ವಂದನೆ. ಈ ಹಾರವನ್ನೂ ಶಾಲನ್ನೂ ಕೊಟ್ಟ ಅಧ್ಯಕ್ಷರಿಗೆ ವಂದನೆ. ಅವರ ಅಪ್ಪಣೆಯಾದರೆ ಇನ್ನು ವೇದಿಕೆಯ ಮೇಲಿನ ನನ್ನ ಕುರ್ಚಿಗೆ ವಾಪಸ್ಸು ಹೋಗುವುದಿಲ್ಲ, ಈ ಮೆಟ್ಟಿಲಿಳಿದು ಮೂರನೆಯ ಸಾಲಿಗೆ ಹೋಗುತ್ತೇನೆ. ಗಾಬರಿಯಾಗಬೇಡಿ, ಏನೂ ಆಗಿಲ್ಲ.

ಅಲ್ಲಿ ಯಾರೋ ಬರ್ತಾರಂತೆ. ಕೈಚೀಲ ತೆಗಿ ಮಾರಾಯ್ತಿ.

ನಮಸ್ಕಾರ.