ಬೊಳ್ಳುವಿನ ಕೊರಳಿನ ಬಿಲ್ಲೆ

ನಗಬೇಡ ರಾಜೀವಿ. ಹೊತ್ತು ಮುಳುಗಿತು, ಇನ್ನು ನನಗೆ ಊಟ ಇಲ್ಲ ಅಂತ ಗೊತ್ತುಂಟು. ಜೈನರ ಮನೆಯಲ್ಲಿ ಹುಟ್ಟಿದವಳಿಗೆ ನೀನು ನೆನಪು ಮಾಡ್ಬೇಕಾ? ಹಸಿವಿಲ್ಲ ಮಾರಾಯ್ತಿ. ಬೇಡ, ನೀರೂ ಬೇಡ. ಕೂತ್ಕೊ ನೀನು.

ಕಾಂತಿ, ಬಾ ಮಗಾ, ದೊಡ್ಡಮ್ಮನ ಮಡಿಲಲ್ಲಿ ಮಲಕ್ಕೊ. ಎಲ್ಲಿ, ಕಾಲು ನೋಡುವ... ಗಾಯ ಒಣಗಿದೆ. ಒಣಗಿದೆ, ಆದರೂ...

ನಾಳೆ ಮೊದಲ ಬಸ್ಸಿಗೆ ಇವಳನ್ನು ಮಂಗಳೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗುವ. ಹೊಕ್ಕುಳ ಸುತ್ತ ಸೂಜಿ ಕೊಡ್ತಾರಲ್ಲ, ಅದನ್ನು ಕೊಡಿಸುವ. ನಾನೂ ಬರ್ತೇನೆ.

ಯಾಕೆ ಅಂದರೆ? ನಾಯಿ ಕಚ್ಚಿದ್ದಕ್ಕೆ. ಗೊತ್ತುಂಟು, ನೀವೇ ಸಾಕಿದ ಬೊಳ್ಳು. ಇವಳು ಅನ್ನದ ಬಟ್ಟಲು ಎಳೆದಳು, ಅದು ಬಾಯಿ ಹಾಕಿತು. ಸೂಜಿ ಹಾಕಿಸಿದ ನಾಯಿ, ಹೆದರಿಕೆ ಎಂತದ್ದು ಅಂತೀಯ... ಹೌದು. ನೀನು ತಮ್ಮನ ಮದುವೆಗೆ ಮೆಲ್ಕಾರಿಗೆ ಹೋಗಿದ್ದೆ. ಹುಚ್ಚು ಹಿಡಿಯದ ಹಾಗೆ ನಾಯಿಗಳಿಗೆಲ್ಲ ಸೂಜಿ ಹಾಕ್ತಾರಂತೆ ಅಂತ ಬೊಳ್ಳುವನ್ನು ದನದ ಆಸ್ಪತ್ರೆಗೆ ಕರ್ಕೊಂಡು ಹೋದದ್ದು ನೆರೆಮನೆಯ ನಾನೇ. ಅಲ್ಲ ಅಂತ ಯಾರು ಹೇಳಿದರು?

ಆದರೂ ಈಗಿನ ಮದ್ದನ್ನು ನಂಬ್ಲಿಕ್ಕೆ ಆಗ್ತದಾ? ನೀರು ಬೆರೆಸ್ತಾರಂತೆ, ಹಳತಾದರೆ ಗುಣ ಹೋಗ್ತದಂತೆ... ಹಾಗೆ ದಿಟ್ಟಿಸಬೇಡ ಮಾರಾಯ್ತಿ. ನನಗೆ ಮಾತು ತಪ್ಪುತ್ತದೆ.

ಇವಳಿಗೆ ನಿದ್ದೆ ಬಂತಾ? ಬಂತು. ಒಳ್ಳೆಯದಾಯ್ತು.

ಬೊಳ್ಳು ನಿನ್ನೆಯಿಂದ ಮನೆಗೆ ಬರ್ಲಿಲ್ಲ ಅಲ್ವಾ? ಎಲ್ಲಿಗೋ ತಿರುಗ್ಲಿಕ್ಕೆ ಹೋಗಿದೆ ಅಂತ ನೀನು ಅಂದೆ. ನಾನು ಮಧ್ಯಾಹ್ನ ಬಸದಿಯಿಂದ ಬರುವಾಗ ನೋಡಿದೆ ಅದನ್ನು, ಕೆರೆಯ ಕಟ್ಟೆಯ ಹತ್ತಿರ. ಕರೆದೆ. ನನ್ನ ಗುರುತು ಸಿಗಲಿಲ್ಲ ಅದಕ್ಕೆ. ಬಾಯಲ್ಲಿ ಜೊಲ್ಲು, ಕಲ್ಲನ್ನು ಕಚ್ಚುತ್ತಿತ್ತು. ದಿನಾ ನನ್ನ ಕೈಯಿಂದ ದೋಸೆ ತಿಂದ ನಾಯಿ... ಆಮೇಲೆ ಗದ್ದೆಯ ಹುಕ್ರಪ್ಪ ಹೊಡೆದು ಹಾಕಿದನಂತೆ. ಅವನದ್ದು ತಪ್ಪಲ್ಲ.

ಅಳು ನೀನು. ಆದರೆ ನಾಳೆ ಬಸ್ಸಿಗೆ...

ಎಂತ? ಬಿಲ್ಲೆಯಾ? ಹೇಳಿದ್ದೆನಲ್ಲ ಆಗಲೇ, ಬರುವ ದಾರಿಯಲ್ಲಿ ಬೇಲಿಗೆ ಸಿಕ್ಕಿ ಬಿದ್ದುಹೋಯ್ತು ಅಂತ. ಸೂಜಿ ಹಾಕಿದ ನಾಯಿಗಳ ಕೊರಳಿಗೆಲ್ಲ ಕಟ್ಟಿದ್ದರು, ತಗಡಿನದ್ದು. ಬೊಳ್ಳುವಿಗೂ... ಸಣ್ಣದು, ಬಿದ್ದರೆ ಕಾಣುವುದಿಲ್ಲ...

ರಾಜೀವಿ?

ಏನಾದರೂ ಕೇಳು ಮಾರಾಯ್ತಿ.

ಸಾಲಿನಲ್ಲಿ ನಿಂತಿದ್ದೆ ನಾನು, ಸುಳ್ಳಲ್ಲ. ಇನ್ನೇನು ನಮ್ಮ ಸರದಿ. ಕಂಪೌಂಡರು ಯಾರಿಗೋ ಹೇಳುವುದು ಕೇಳಿತು, ಈ ಮದ್ದು ಮಾಡುವುದು ಕುರಿಯ ಮೆದುಳಿನಿಂದ ಅಂತ. ನೆಲದಡಿಯ ಗೆಡ್ಡೆಯನ್ನೂ ತಿನ್ನದವಳು ನಾನು. ಒಂದು ಜೀವ ತೆಗೆದು ಮಾಡಿದ್ದನ್ನು ನಾನೇ ಹಿಡಿದು ಚುಚ್ಚಿಸುವುದಾ? ಯಾರದೋ ನಾಯಿಗಾಗಿ ಆ ಪಾಪ ನನಗೆ ಯಾಕೆ ಅನಿಸಿತು. ಹೌದು, ಹಾಗೇ ಅನಿಸಿತು, ಯಾರದೋ ನಾಯಿ ಅಂತ. ಬೊಳ್ಳುವಿನ ಹಗ್ಗ ಎಳಕೊಂಡು ಹಿಂದೆ ಬಂದೆ. ನೀನು ಬಂದು ಕೇಳಿದಾಗ ಸೂಜಿ ಆಯ್ತು ಅಂದೆ. ನಿನ್ನ ಮುಖದಲ್ಲಿ ಎಷ್ಟು ಸಮಾಧಾನ ಆಯ್ತು... ಮತ್ತೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ.

ಮಗುವನ್ನು ಎತ್ತಿಕೊಂಡದ್ದು ಯಾಕೆ? ನಿದ್ದೆಯಲ್ಲುಂಟಲ್ಲ ರಾಜೀವಿ, ಇರಲಿ ನನ್ನ ಮಡಿಲಲ್ಲೇ... ಆಯ್ತು. ಕರ್ಕೊ. ಕರ್ಕೊ.

ಬೈಯಿ ನನಗೆ.

ಮನುಷ್ಯರಿಗೆ ಹಾಕುವುದೂ ಅದೇ ಕುರಿಯ ಮದ್ದಂತೆ. ಇವತ್ತು ಇಲ್ಲಿಗೆ ಬರುವ ದಾರಿಯಲ್ಲಿ ವಿಚಾರಿಸಿದೆ. ಇರಲಿ. ಎಷ್ಟು ಕುರಿ ಬೇಕಾದರೂ ಸಾಯಲಿ. ನನ್ನ ಬಾಯಿಂದ ಈ ಮಾತು ಬಂತು, ಕೇಳಿದೆಯಾ? ಇವಳು ಒದ್ದಾಡದ ಹಾಗೆ ಎರಡೂ ಕೈ ನಾನೇ ಹಿಡಕೊಳ್ತೇನೆ.

ನಾಳೆ ಬಸ್ಸಿಗೆ ನಾನು ಬರಬಹುದಾ? ಬೇಡವಾದರೆ ಬೇಡ ಅಂತಲಾದರೂ ಹೇಳು... ರಾಜೀವಿ, ಬಾಗಿಲು ಹಾಕಬೇಡ.