ಸೇವಂತಿಗೆ ತೋಟದ ಏಳು ಗಿಡ

ಕೈವಾರದಲ್ಲಿ ಕೊನೇ ಬಸ್ಸಿಳಿದಾಗ ಹತ್ತೂವರೆ ದಾಟಿತ್ತು. ಪಾಳುಬಾವಿ ಹತ್ತಿರ ನನ್ನ ಚಿಕ್ಕಮ್ಮನ ಮಗ ಮಧುಸೂದನ್ ಕಾಯ್ತಾ ನಿಂತಿದ್ದ. ನನ್ನ ತೋಳು ಹಿಡ್ಕೊಂಡು ನಡೆದ... ಕೈ ತಣ್ಣಗಿತ್ತು.

"ಏನೋ ಇದು, ಬೆಳಗಿಂದ ಫೋನ್ ಮೇಲೆ ಫೋನು?"

"ಮೆಲ್ಲಗೆ ಮಾತಾಡಣ್ಣ. ನಾಳೆ ಆವಲಪ್ಪಣ್ಣ ನನ್ನ ಊರೋರ ಮುಂದೆ ನಿಲ್ಲಿಸಿ ಕೆಲಸಗಳ್ಳ ಅಂತಾರಂತೆ. ಆಮೇಲೆ ಯಾರು ನನ್ನ ತೋಟಕ್ಕೆ ಸೇರಿಸ್ತಾರೆ?"

ಆವಲಪ್ಪನ ಸೇವಂತಿಗೆ ತೋಟದಲ್ಲಿ ರಾತ್ರಿ ದೀಪ ಕಾಯೋದು ಅವನ ಕೆಲಸ. ಸೇವಂತಿಗೆಗೆ ಉದ್ದ ಕತ್ತಲೆ ಸಿಕ್ಕರೇನೇ ಮೊಗ್ಗು ಕಟ್ಟೋದು. ಅದಕ್ಕೆ ಗಿಡ ಎತ್ತರ ಬರೋ ತನಕ ರಾತ್ರಿಯೆಲ್ಲ ಬಲ್ಬು ಹಾಕಿ, ಇನ್ನೂ ಹಗಲೇ ಅಂತ ಅದನ್ನ ಏಮಾರಿಸ್ತಾರೆ. ಆದರೆ ಆ ತೋಟದಲ್ಲಿ ಗೇಣುದ್ದದ ಗಿಡ ಆಗಲೇ ಮೊಗ್ಗಾಗಿದ್ದವು. ಎಲ್ಲ ಕಡೆ ಅಲ್ಲ. ಒಂದೇ ಜಾಗದಲ್ಲಿ... ಏಳು ಗಿಡ. ಅವುಗಳ ಮೇಲಿನ ಬಲ್ಬು ಬಿಚ್ಚಿಟ್ಟು ಮಧು ಅಲ್ಲೇ ಮಲಗ್ತಾನೆ ಅಂತ ಆವಲಪ್ಪನ ದೂರು.

ತೋಟ ಇರುವೆ ಕಾಣೋ ಹಾಗೆ ಬೆಳಗ್ತಿತ್ತು. ಟ್ರಾನ್ಸ್‌ಫಾರ್ಮರ್ ಗುಂಯ್ ಅಂತಿತ್ತು. ಬಲ್ಬಿಗೆ ಹುಳ ಬಡಿಯೋ ಸದ್ದು... ಟಪ್... ಟಪ್. ಬದುವಿನ ಮೇಲೆ ಕಂಬಳಿ ಹೊದ್ದು ಆವಲಪ್ಪ ಕೂತಿದ್ದ.

"ಓಹೋ, ಜೋಗುಳ ಹಾಡಕ್ಕೆ ಅಣ್ಣನ್ನೂ ಕರ್ಕೊಂಡು ಬಂದ್ಯೇನಪ್ಪ?"

"ಇವತ್ತು ನೀವೂ ಎದ್ದಿರಿ ಆವಲಪ್ಪಣ್ಣ. ಯಾರು ಆರಿಸ್ತಾರೋ ನೋಡೇಬಿಡಣ," ಅಂದ ಮಧು.

ಕೂತೆವು. ನನಗೆ ಇಬ್ಬರ ಮೇಲೂ ಅನುಮಾನ. ಮಧು ಚಿಕ್ಕಂದಿಂದ ನಿದ್ದೆಬುರುಕ. ಆದರೆ ಆವಲಪ್ಪ? ಅಷ್ಟು ದೂರು ಹೇಳಿದವನು ಆ ಏಳು ಗಿಡಕ್ಕೆ ಬೆನ್ನು ಹಾಕಿ ಕೂತಿದ್ದ. ಒಂದು ಸಲವೂ ತಿರುಗಲಿಲ್ಲ.

ಎಷ್ಟು ಹೊತ್ತಾಯಿತೋ. ಇದ್ದಕ್ಕಿದ್ದಂತೆ ಆ ಗಿಡಗಳ ಮೇಲಿನ ಬಲ್ಬಿನಲ್ಲಿ ಟಪ್ ಟಪ್ ನಿಂತಿತು. ಒಂದು ಹುಳ ಇಲ್ಲ. ಬಲ್ಬು ಉರೀತಾನೇ ಇದೆ... ಕೆಳಗೆ ಮಾತ್ರ ಕತ್ತಲೆ. ಕುಕ್ಕರಗಾಲಲ್ಲಿ ಒಬ್ಬರು ಕೂತರೆ ಎಷ್ಟಾಗುತ್ತೋ ಅಷ್ಟಗಲ. ನಡುವೆ ಏನೂ ಅಡ್ಡ ಇಲ್ಲ.

"ಅಣ್ಣ..." ಮಧು ಉಸುರಿದ.

ಎದ್ದು ಹೋಗಿ ಕೈ ಚಾಚಿದೆ. ಮಣಿಕಟ್ಟಿನ ತನಕ ಬೆಳಕಿತ್ತು. ಅಲ್ಲಿಂದಾಚೆ ನನ್ನ ಬೆರಳು ನನಗೇ ಕಾಣಲಿಲ್ಲ. ಸರಕ್... ಅಂತ ಎಲೆ ಸವರಿದ ಸದ್ದಾಯಿತು. ಕೈ ಎಳ್ಕೊಂಡೆ.

ಹಿಂದಿನಿಂದ ಆವಲಪ್ಪನ ದನಿ ಬಂತು. ತಿರುಗಿ ನೋಡದೇನೆ, ತೆಲುಗಲ್ಲಿ, ಮನೆಯೋರನ್ನ ಕೇಳೋ ಹಾಗೆ:

"ಇಂಕಾ ಪೋಲೇದಾ?"

ಇನ್ನೂ ಹೋಗಿಲ್ವಾ ಅಂತ. ಯಾರನ್ನ ಅಂತ ಕೇಳೋ ಧೈರ್ಯ ನಮಗಿರಲಿಲ್ಲ.

ಮಾರನೇ ದಿನ ಟೀ ಅಂಗಡಿ ಮುಂದೆ ಆವಲಪ್ಪ ತಾನೇ ಹೇಳಿದ, "ವೈರಿಂಗ್ ತಪ್ಪು ಕಣ್ರಯ್ಯ. ಹುಡುಗಂದೇನಿಲ್ಲ." ಅಷ್ಟಕ್ಕೇ ಬಿಡಲಿಲ್ಲ. ಗೌರಿಬಿದನೂರಿನ ಕುಡುಮಲಕುಂಟೆಯಲ್ಲಿ ಗುರುತಿನವರಿಗೆ ಹೇಳಿ ಮಧುಗೆ ಫ್ಯಾಕ್ಟರಿ ಕೆಲಸ ಕೊಡಿಸಿದ. ವಾರದೊಳಗೆ ತಾನೇ ಬಸ್ಸು ಹತ್ತಿಸಿದ. ಬಸ್ಸು ಹೊರಟಾಗ ಕೈ ಮುಗಿದ. ಕೂಲಿಯವನಿಗೆ ಯಜಮಾನ ಕೈ ಮುಗಿಯೋದು, ಇಷ್ಟೂರು ಸುತ್ತಿರೋ ನಾನು ಎಲ್ಲೂ ನೋಡಿಲ್ಲ. ಆಮೇಲೆ ಅವನ ತೋಟದಲ್ಲಿ ಒಂದು ಗಿಡವೂ ಮುಂಚೆ ಮೊಗ್ಗಾಗಲಿಲ್ಲವಂತೆ.

ಹೋದ ತಿಂಗಳು ಮಧುನ ನೋಡೋಕೆ ಹೋಗಿದ್ದೆ. ಬೀದಿ ದೀಪದ ಕೆಳಗೇ ಅವನ ಬಾಡಿಗೆ ರೂಮು. ಮನೆ ಯಜಮಾನಿ ಮುನಿಶಾಮಮ್ಮ ನಗ್ತಾ ಬಂದರು.

"ನಿನ್ನ ತಮ್ಮನ ಕಾಲ್ಗುಣ ನೋಡಪ್ಪ! ಈ ದೀಪದ ಕಾಟಕ್ಕೆ ನಾಲ್ಕು ವರ್ಷದಿಂದ ನನ್ನ ಸೇವಂತಿಗೆ ಒಂದು ಹೂ ಬಿಟ್ಟಿರಲಿಲ್ಲ. ಇವನು ಬಂದ ಮೇಲೆ ಬಿಟ್ಟಿದೆ."

ಮಧು ನನ್ನ ಮುಖ ನೋಡಲಿಲ್ಲ.

ಇದು ಸುಳ್ಳಲ್ಲ. ಒಡೆದ ಬಕೆಟ್ಟಿನ ಆ ಗಿಡವನ್ನ ನಾನೇ ಮುಟ್ಟಿ ನೋಡಿದೀನಿ. ದೀಪದ ಬೆಳಕು ಸುತ್ತ ಒಂದೇ ಸಮ ಬೀಳುತ್ತೆ. ಆದರೂ ಬೀದಿ ಕಡೆಗೆ ಬರೀ ಎಲೆ. ಮಧು ಬಾಗಿಲ ಕಡೆಗೆ ಮಾತ್ರ ಹೂವು.