ಹನ್ನೊಂದು ದಿನದ ಅಂತರ

ಎಲ್ಲರೂ ಸಿಸ್ಟರಕ್ಕ ಎಂದು ಕರೆಯುವ ನಾನು, ವಯಸ್ಸು ಐವತ್ತೆರಡು, ಉದ್ಯೋಗ ಹೆರಿಗೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ದಾದಿ, ವಾಸ ನದಿಯಾಚೆ ಬಸ್ ನಿಲ್ದಾಣದ ಎದುರಿನ ಕಟ್ಟಡದ ಎರಡನೇ ಮಹಡಿ, ಯಾರ ಒತ್ತಾಯವೂ ಇಲ್ಲದೆ ಇಂದು ಬೆಳಿಗ್ಗೆ 10.30ಕ್ಕೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದು ಹೀಗಿದೆ:

ಜುಲೈ 24ರಂದು ದೋಣಿಕಟ್ಟೆಯ ಮೆಟ್ಟಿಲ ಬಳಿ ನೀರಿನಲ್ಲಿ ಸಿಕ್ಕ ಹೆಂಗಸಿನ ವಿಷಯವಾಗಿ ನಾನು ಆ ದಿನವೇ ಒಂದು ಹೇಳಿಕೆ ಕೊಟ್ಟಿದ್ದೇನೆ. ಅದು ಅರ್ಧ ಪುಟದ್ದು. ಆಕೆ ನಮ್ಮಲ್ಲಿಗೆ ಬರುತ್ತಿದ್ದ ಬಸುರಿ, ಇಪ್ಪತ್ತು ವಾರ ತುಂಬಿತ್ತು, ಎಂದಷ್ಟೇ ಅದರಲ್ಲಿದೆ. ಬಿಟ್ಟುಹೋದದ್ದನ್ನು ಇಂದು ಬರೆಸುತ್ತಿದ್ದೇನೆ.

ಆಕೆಗೆ ಇಪ್ಪತ್ಮೂರು ವರ್ಷ. ಉಡುಪು ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವ ಕೆಲಸ. ಗಂಡ ಸರಕು ಹಡಗಿನಲ್ಲಿ ಯಂತ್ರದ ಕೆಲಸಗಾರ, ರಜೆಗೆ ಮಾತ್ರ ಊರಿಗೆ ಬರುತ್ತಿದ್ದ. ಮನೆಯಲ್ಲಿ ಆಕೆ, ಅತ್ತೆ, ಇಬ್ಬರೇ.

ಜುಲೈ 21, ಮಂಗಳವಾರ, ಬೆಳಿಗ್ಗೆ 11.20ಕ್ಕೆ ಆಕೆ ಅತ್ತೆಯ ಜೊತೆ ಮೊದಲ ಸಲ ನಮ್ಮಲ್ಲಿಗೆ ಬಂದಳು. ಇಷ್ಟು ತಡ ಯಾಕೆ ಎಂದು ನಾನು ಗದರಿದೆ. ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ ಎಂದಳು. ಆ ದಿನ ಸಾಲಿನಲ್ಲಿ ಮೂವತ್ತೊಂದು ಜನರಿದ್ದರು, ದಾದಿ ನಾನೊಬ್ಬಳೇ. ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಎಂದು ಕೇಳಿದೆ. ನೂರರಲ್ಲಿ ಎಂಬತ್ತು ಜನ ಈ ಪ್ರಶ್ನೆಗೆ ಸೂರು ನೋಡುತ್ತಾರೆ. ಆಕೆ ತಡವರಿಸದೆ ಮಾರ್ಚ್ 3 ಎಂದಳು. ಅವತ್ತು ಕಾರ್ಖಾನೆಯ ಬಾಯ್ಲರ್ ಕೆಟ್ಟು ಮಧ್ಯಾಹ್ನವೇ ಮನೆಗೆ ಬಿಟ್ಟಿದ್ದರಂತೆ, ಹೊಟ್ಟೆನೋವಿಗೆ ಒಳ್ಳೆಯದೇ ಆಯಿತು ಅಂದುಕೊಂಡಿದ್ದಳಂತೆ. ಮಗು ಆಡಿದ್ದು ಗೊತ್ತಾಗಿದೆಯಾ ಎಂದು ಕೇಳಿದೆ. ಹಿಂದಿನ ಬುಧವಾರ, ಮೀನು ಬಾಲ ಬಡಿದ ಹಾಗೆ ಒಂದು ಸಲ, ಎಂದಳು. ಹೇಳುವಾಗ ಅತ್ತೆಯ ಕಡೆ ನೋಡಿ ನಕ್ಕಳು. ಅತ್ತೆಯೂ ನಕ್ಕರು.

ಬಸಿರಿನ ವಾರ ಎಣಿಸುವ ರಟ್ಟಿನ ಚಕ್ರ ತಿರುಗಿಸಿ ನೋಡಿದೆ. ಮಾರ್ಚ್ 3ರಿಂದ ಆ ದಿನಕ್ಕೆ ಸರಿಯಾಗಿ ಇಪ್ಪತ್ತು ವಾರ. ಟೇಪು ಹಿಡಿದು ಹೊಟ್ಟೆ ಅಳೆದೆ. ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬಂದಿತ್ತು, ಇಪ್ಪತ್ತು ಸೆಂಟಿಮೀಟರ್. ಮಗುವಿನ ಎದೆಬಡಿತ ನಿಮಿಷಕ್ಕೆ 144. ಮುಟ್ಟಿನ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ, ಹೆರಿಗೆ ಡಿಸೆಂಬರ್ 10ರ ಆಸುಪಾಸು ಎಂದು ಕಾರ್ಡಿನಲ್ಲಿ ಬರೆದೆ. ಎಷ್ಟಾಯಿತು ಎಂದು ಅತ್ತೆ ಕೇಳಿದರು. “ಇಪ್ಪತ್ತು ವಾರ ತುಂಬಿತಮ್ಮಾ, ಗೆರೆ ಎಳೆದ ಹಾಗಿದೆ” ಎಂದೆ. ನನಗೆ ಖುಷಿಯಾಗಿತ್ತು. ಮುಟ್ಟಿನ ದಿನ, ಮಗು ಆಡಿದ ದಿನ, ಟೇಪು, ಮೂರೂ ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬರುವುದು ಅಪರೂಪ.

ಇಪ್ಪತ್ತು ವಾರ ಅಂದರೆ ಯಾವತ್ತಿನಿಂದ ಎಂದು ಆಕೆ ಕೇಳಿದಳು. ಎಲ್ಲ ಕಾರ್ಡಿನಲ್ಲಿದೆ, ಮುಂದಿನವರನ್ನು ಕಳಿಸಿ ಎಂದೆ.

11.40ರ ಹೊತ್ತಿಗೆ ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ಮೊಗಸಾಲೆಯ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಬೆರಳಿಟ್ಟು ಎಣಿಸುತ್ತಿದ್ದರು. ಒಂದು ಹಾಳೆಯಲ್ಲಿ ಬೆರಳು ನಿಂತಿತು. ಮತ್ತೆ ಜುಲೈಗೆ ಬಂದು ಮೊದಲಿನಿಂದ ಎಣಿಸಿದರು. ಸೊಸೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಅತ್ತೆ ಆಕೆಯನ್ನು ದಾಟಿ ಒಬ್ಬರೇ ಹೊರಗೆ ಹೋದರು. ಎದ್ದುಹೋಗಿ ಏನೆಂದು ಕೇಳಬಹುದಿತ್ತು. ನಾಲ್ಕು ಹೆಜ್ಜೆ ದೂರ. ಕೇಳಲಿಲ್ಲ.

ಜುಲೈ 22, ಬುಧವಾರ, ಸಂಜೆ 4.40ಕ್ಕೆ ಆಕೆ ಒಬ್ಬಳೇ ಬಂದಳು. ಕಾರ್ಖಾನೆಯ ಮೇಲಂಗಿಯನ್ನು ಬಿಚ್ಚಿರಲಿಲ್ಲ, ತೋಳಿಗೆ ಬಿಳಿ ದಾರ ಅಂಟಿಕೊಂಡಿತ್ತು. ನಾನು ಕಪಾಟಿಗೆ ಬೀಗ ಹಾಕುತ್ತಿದ್ದೆ. ಕಾರ್ಡು ಚಾಚಿ, ಇದನ್ನು ಹದಿನೆಂಟು ಅಂತ ಮಾಡಿಕೊಡುತ್ತೀರಾ ಎಂದು ಕೇಳಿದಳು. ಯಾಕೆ ಎಂದೆ.

“ಇಪ್ಪತ್ತು ಅಂದ್ರೆ ಅವರು ಬರೋಕೆ ಮುಂಚೇನೇ ಅಂತ ಆಗುತ್ತೆ ಅಕ್ಕಾ. ನಿಮ್ಮ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.”

ನಾನು ಇಪ್ಪತ್ತೊಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ತಾರೀಕು ತಿದ್ದಿಕೊಡಿ ಎಂದು ಬಂದವರನ್ನು ಬಹಳ ನೋಡಿದ್ದೇನೆ. ಮದುವೆಯ ದಿನಕ್ಕೆ ಹೊಂದಿಸಲು ಬಂದವರಿದ್ದಾರೆ, ಅಳುತ್ತ ಬಂದವರಿದ್ದಾರೆ. ಇವಳೂ ಅದೇ ಸಾಲಿನವಳು ಎಂದು ತಿಳಿದೆ. ನನ್ನ ಲೆಕ್ಕ ತಪ್ಪು ಎಂದದ್ದಕ್ಕೆ ಸಿಟ್ಟೂ ಬಂತು.

“ಹೊಟ್ಟೆ ಸುಳ್ಳು ಹೇಳಲ್ಲ ತಾಯಿ” ಎಂದೆ.

“ನಾನೂ ಹೇಳ್ತಿಲ್ಲ ಅಕ್ಕಾ” ಎಂದಳು.

ಗಂಡ ಬಂದ ತಾರೀಕು ಯಾವುದು ಎಂದು ನಾನು ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಆಕೆ ಮಾರ್ಚ್ 14 ಎನ್ನುತ್ತಿದ್ದಳು, ನಾನು ಅಲ್ಲೇ ನಕ್ಕುಬಿಡುತ್ತಿದ್ದೆ. 4.55ಕ್ಕೆ ನನ್ನ ಬಸ್ಸಿತ್ತು. ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಆಕೆ ಗೇಟಿನ ಬಳಿ ಕಾರ್ಡನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತ ನಿಂತಿದ್ದನ್ನು ಕಿಟಕಿಯಿಂದ ನೋಡಿದ್ದೇನೆ.

ಜುಲೈ 23, ಗುರುವಾರ, ಬೆಳಿಗ್ಗೆ 11.10ಕ್ಕೆ ಆಕೆಯ ಅತ್ತೆ ಆಸ್ಪತ್ರೆಗೆ ಫೋನ್ ಮಾಡಿದರು. ಒಂದೆರಡು ವಾರ ಹೆಚ್ಚುಕಮ್ಮಿ ಆಗಿರಬಹುದೇ, ಇನ್ನೊಂದು ಸಲ ನೋಡಿ ಹೇಳುತ್ತೀರಾ ಎಂದು ಕೇಳಿದರು. ಧ್ವನಿ ಬಹಳ ಮೆತ್ತಗಿತ್ತು. ನನ್ನ ಇನ್ನೊಂದು ಕೈಯಲ್ಲಿ ಸಿರಿಂಜಿತ್ತು. ಲೆಕ್ಕದಲ್ಲಿ ತಪ್ಪಿಲ್ಲ, ಟೇಪೂ ಅದನ್ನೇ ಹೇಳುತ್ತಿದೆ ಎಂದು ಉತ್ತರಿಸಿದೆ. ಆಗಲಮ್ಮ ಎಂದು ಇಟ್ಟುಬಿಟ್ಟರು. ತಪ್ಪಾಗಿದೆ ಎನ್ನಲಿ ಎಂದೇ ಅವರು ಕೇಳಿದ್ದರೆಂದು ನನಗೆ ಈಗ ಗೊತ್ತಾಗಿದೆ.

ಜುಲೈ 24, ಶುಕ್ರವಾರ, ಬೆಳಿಗ್ಗೆ 9.15ಕ್ಕೆ ಠಾಣೆಯಿಂದ ಒಬ್ಬರು ಒದ್ದೆ ಕಾರ್ಡು ಹಿಡಿದು ಬಂದರು. ಅಕ್ಷರ ನನ್ನದೇ. ನಾನು ಹೋಗಿ ಆಕೆಯನ್ನು ಗುರುತಿಸಿದೆ. ದೋಣಿಕಟ್ಟೆ ಆಕೆಯ ಮನೆಯಿಂದ 400 ಮೀಟರ್. ಮೆಟ್ಟಿಲಲ್ಲಿ ಪಾಚಿ ಕಟ್ಟಿದೆ. ಆಕೆ ಜಾರಿದಳೋ, ತಾನೇ ಇಳಿದಳೋ, ನಾನು ನೋಡಿಲ್ಲ, ಹೇಳಲಾರೆ.

ಆಗಸ್ಟ್ 1, ಶನಿವಾರ, ಮಧ್ಯಾಹ್ನ 12.30ಕ್ಕೆ ಆಕೆಯ ಗಂಡ ಆಸ್ಪತ್ರೆಗೆ ಬಂದ. ಹಡಗು ಬಿಟ್ಟು ಊರು ತಲುಪಲು ಅವನಿಗೆ ಒಂದು ವಾರ ಹಿಡಿದಿತ್ತು. ರಿಜಿಸ್ಟರ್ ನೋಡಬೇಕೆಂದ. ತೋರಿಸಿದೆ. ಮಾರ್ಚ್ 3ರ ಮೇಲೆ ಬೆರಳಿಟ್ಟು, ತಾನು ಮನೆಗೆ ಬಂದದ್ದು ಹದಿನಾಲ್ಕಕ್ಕೆ, ಹನ್ನೊಂದು ದಿನ ಆಮೇಲೆ, ಎಂದ.

ಮಾರ್ಚ್ 3ನ್ನೇ ಅವರೆಲ್ಲ ಗರ್ಭ ನಿಂತ ದಿನವೆಂದು ಎಣಿಸಿದ್ದರೆಂದು ಆಗ ನನಗೆ ಗೊತ್ತಾಯಿತು.

ಬಸಿರಿನ ವಾರಗಳನ್ನು ಎಣಿಸುವುದು ಗರ್ಭ ನಿಂತ ದಿನದಿಂದ ಅಲ್ಲ. ಅದು ಯಾವ ದಿನವೆಂದು ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಹಾಗಾಗಿ ಗೊತ್ತಿರುವ ದಿನದಿಂದ, ಅಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಗರ್ಭ ನಿಲ್ಲುವುದು ಸಾಮಾನ್ಯವಾಗಿ ಅದಾದ ಸುಮಾರು ಎರಡು ವಾರಕ್ಕೆ. ಮೊದಲಿನ ಆ ಎರಡು ವಾರ ಹೊಟ್ಟೆಯಲ್ಲಿ ಮಗುವೇ ಇರುವುದಿಲ್ಲ, ಲೆಕ್ಕದಲ್ಲಿ ಮಾತ್ರ ಇರುತ್ತದೆ. ನಾವು ಇಪ್ಪತ್ತು ಎಂದರೆ ಮಗುವಿಗೆ ಹದಿನೆಂಟು. ಈಕೆಯ ಗರ್ಭ ನಿಂತದ್ದು ಮಾರ್ಚ್ 17ರ ಆಸುಪಾಸು. ಗಂಡ ಬಂದು ಮೂರು ದಿನವಾಗಿತ್ತು. ಶವಪರೀಕ್ಷೆ ಮಾಡಿದ ವೈದ್ಯರು ಮಗುವಿನ ಮೂಳೆ ಅಳೆದು ಇಪ್ಪತ್ತು ವಾರ ಎಂದು ಬರೆದಿರುವುದೂ ಇದೇ ಎಣಿಕೆಯಲ್ಲಿ.

ಇಲ್ಲಿ ಬರೆದುಕೊಳ್ಳುತ್ತಿರುವವರು ಪೆನ್ನು ನಿಲ್ಲಿಸಿ, ಎಲ್ಲರಿಗೂ ಇದೇ ಲೆಕ್ಕವೇ, ತಮ್ಮ ಮನೆಯಲ್ಲೂ ಹೀಗೇ ಎಣಿಸಿದ್ದರೇ ಎಂದು ಕೇಳಿದ್ದಾರೆ. ಹೌದು ಎಂದಿದ್ದೇನೆ. ಅದನ್ನೂ ಬರೆದುಕೊಳ್ಳಬೇಕೆಂದು ಕೋರಿದ್ದೇನೆ.

ಇದನ್ನೆಲ್ಲ ಗಂಡನಿಗೆ ಹೇಳಿದೆ. ಆಮೇಲೆ, “ಗುರುವಾರ ಸಂಜೆ ಫೋನ್ ಮಾಡಿದ್ಲು. ಅವಳ ಮಾತು ಮುಗಿಸೋಕೆ ನಾನು ಬಿಡ್ಲಿಲ್ಲ” ಎಂದ. ಅಮ್ಮನಿಗೂ ಇದನ್ನೇ ಹೇಳಬೇಕು, ತನ್ನ ಬಾಯಲ್ಲಿ ಬರುವುದಿಲ್ಲ ಎಂದ. ಇಬ್ಬರೂ ನಡೆದೇ ಹೋದೆವು, ಒಂದು ಕಿಲೋಮೀಟರ್. ಅತ್ತೆ ಅಡುಗೆಮನೆಯಲ್ಲಿ ಕೂತಿದ್ದರು. ಒಲೆ ಹಚ್ಚಿರಲಿಲ್ಲ. ನಾನು ಚಕ್ರ ತೆಗೆದು ತೋರಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು ತಾವೇ ತಿರುಗಿಸಿ ನೋಡಿದರು.

“ಮಗೂಗೆ ಹದಿನೆಂಟಾದ್ರೆ ಇಪ್ಪತ್ತು ಅಂತ ಯಾಕಮ್ಮ ಹೇಳಿದ್ರಿ?”

ಎಲ್ಲ ಕಡೆಯೂ ಹೀಗೇ ಹೇಳುವುದು ಎಂದೆ.

“ನಿಮಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ ಅಂದ್ಕೊಂಡ್ರಾ?”

ಗುರುವಾರ ಸಂಜೆ ತಾವು ಸೊಸೆಗೆ ಆಡಿದ ಮಾತನ್ನು ಅವರು ನನಗೆ ಹೇಳಿದರು. ಅದನ್ನು ಬರೆಸುವುದು ಬಿಡುವುದು ಅವರಿಗೆ ಸೇರಿದ್ದು, ನಾನು ಬರೆಸುವುದಿಲ್ಲ.

ಅಂದಿನಿಂದ ನನಗೆ ನಿದ್ದೆ ಸರಿಯಾಗಿಲ್ಲ. ಯಾರ ಹೊಟ್ಟೆಯ ಮೇಲೆ ಟೇಪಿಟ್ಟರೂ ಕೈ ಹೊಕ್ಕುಳ ಹತ್ತಿರ ನಿಲ್ಲುತ್ತದೆ. ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಗಡಿಯಾರ ನೋಡಿ ನಿಮಿಷಕ್ಕೆ ಎಷ್ಟು ಎಂದು ಎಣಿಸಲು ಶುರುಮಾಡುತ್ತೇನೆ. ಇಂದು ಮಂಗಳವಾರ. ಇಂದಿಗೆ ಇಪ್ಪತ್ತೆರಡು ಆಗಬೇಕಿತ್ತು. ಬೆಳಿಗ್ಗೆ ಎದ್ದಾಗ ಮೊದಲು ಬಂದ ಯೋಚನೆ ಅದೇ. ಇಷ್ಟು ಹೊತ್ತಿಗೆ ಮಗು ಹೊರಗಿನ ಸದ್ದಿಗೆ ಬೆಚ್ಚಲು ಶುರುಮಾಡುತ್ತದೆ.

ಈ ಠಾಣೆಯ ವರದಿಯ ಎರಡನೇ ಪುಟದಲ್ಲಿ, ಗಂಡ ಊರಲ್ಲಿಲ್ಲದಾಗ ಗರ್ಭ ಧರಿಸಿ ನಾಚಿಕೆಯಿಂದ ಪ್ರಾಣ ಬಿಟ್ಟಿರಬಹುದು ಎಂದು ಬರೆದಿದೆಯೆಂದು ಆಕೆಯ ಗಂಡ ಹೇಳಿದ್ದಾನೆ. ಆ ಸಾಲಿಗೆ ಆಧಾರ ನನ್ನ ಅರ್ಧ ಪುಟದ ಹೇಳಿಕೆ. ಆ ಸಾಲನ್ನು ಹೊಡೆದುಹಾಕಬೇಕೆಂದೂ, ಮಗು ಗಂಡ ಮನೆಯಲ್ಲಿದ್ದ ದಿನಗಳದ್ದೇ ಎಂಬುದಕ್ಕೆ ಲೆಕ್ಕ ಸರಿಯಾಗಿ ಹೊಂದುತ್ತದೆ ಎಂದು ಬರೆಯಬೇಕೆಂದೂ ಕೇಳಿಕೊಳ್ಳುತ್ತೇನೆ. ಜುಲೈ 22ರಂದು ಆಕೆ ಕೇಳಿದಾಗ ನಾನು ವಿವರಿಸಲಿಲ್ಲ ಎಂಬುದನ್ನೂ ನನ್ನ ಹೆಸರಿನಲ್ಲಿಯೇ ಬರೆಯಬೇಕು.

ಆಕೆಯ ಅತ್ತೆ ನನ್ನ ಜೊತೆಯಲ್ಲೇ ಬಂದಿದ್ದಾರೆ, ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತುತ್ತಾರೆ. ಅದರ ಮೇಲೆ ತಮ್ಮದೊಂದು ಮಾತು ಬರೆಯಬೇಕೆಂದು ಕೇಳಿದ್ದಾರೆ.

ಇಷ್ಟನ್ನೂ ನನಗೆ ಓದಿ ಹೇಳಲಾಯಿತು. ನಾನು ಹೇಳಿದ ಹಾಗೆಯೇ ಇದೆ, ನಾನು ಬಲ್ಲ ಮಟ್ಟಿಗೆ ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಆಗಸ್ಟ್ 4, ಮಧ್ಯಾಹ್ನ 12.15
ಸಹಿ: (ಹೇಳಿಕೆ ಕೊಟ್ಟ ದಾದಿ)

ಸಾಕ್ಷಿಯ ಮಾತು, ಹೇಳಿದಂತೆ ಬರೆದದ್ದು: ನನ್ನ ಸೊಸೆ ನಿಜಾನೇ ಹೇಳಿದ್ಲು. ನಾನು ಎಣಿಸಿದ್ದು ತಪ್ಪು.
ಎಡಗೈ ಹೆಬ್ಬೆಟ್ಟಿನ ಗುರುತು: (ಮೃತಳ ಅತ್ತೆ)